ಪೀಚ್ ಹಣ್ಣಿನ ವಕೀಲ

ಗ್ರೀಸಿನಿಂದ ಜರ್ಮನಿಗೆ ಪೀಚ್ ಹಣ್ಣು ಸಾಗಿಸುವ ರೊಮೇನಿಯದ ಲಾರಿ ಚಾಲಕ ಯೊರ್ಡಾಕೆಗೆ ಮನುಷ್ಯರ ಹಕ್ಕಿಗಿಂತ ಹಣ್ಣಿನ ಹಕ್ಕಿನ ಮೇಲೆ ಕಾಳಜಿ ಹೆಚ್ಚು. ಲಾರಿಯ ಮಗ್ಗುಲಲ್ಲಿ ಪುಟ್ಟ ಒಲೆ ಹಚ್ಚಿ ಮೆಕ್ಕೆಜೋಳದ ಮುದ್ದೆ ತಿರುವುತ್ತಾ, ಸಿಕ್ಕವರಿಗೆಲ್ಲ ಯುರೋಪಿನ ಒಕ್ಕೂಟದ ಕಾನೂನು ಬೋಧಿಸುತ್ತಾನೆ: “ಸರಕು ಅಂದ್ರೆ ಹೊಳೆ ನೀರು ಕಣಪ್ಪಾ, ತಡೆಯೋಕೆ ನೀನ್ಯಾರು, ನಾನ್ಯಾರು?” ಯಾವುದೋ ಊರಿನವರು ಲಾರಿಗಳ ಹೊಗೆ ತಾಳಲಾರದೆ ರಸ್ತೆಗೆ ಅಡ್ಡ ಕೂತು, ಅದು ಅವರ ಹಕ್ಕೆಂದು ಪೊಲೀಸರೂ ಸುಮ್ಮನಿದ್ದರೆ, ಇವನು ಹಾರನ್ ಒತ್ತಿದ ಕೈಯನ್ನು ದಾರಿ ಬಿಡುವವರೆಗೆ ತೆಗೆಯುವುದಿಲ್ಲ. ಹೆದ್ದಾರಿಯ ಅಂಚಿನಲ್ಲೇ ಇರುವ ತನ್ನ ಮನೆಗೆ ಪ್ರತಿ ವರ್ಷ ಈಸ್ಟರ್ ಹಬ್ಬಕ್ಕೆ ಸುಣ್ಣ ಬಳಿಯುವುದು ಮಾತ್ರ ಅವನು ಯಾರಿಗೂ ಬಿಟ್ಟುಕೊಡದ ಕೆಲಸ. ಹದಿನೈದೇ ದಿನಕ್ಕೆ ಮುಂಭಾಗದ ಗೋಡೆ ಮಸಿಬಟ್ಟೆಯಂತಾದಾಗ “ಥೂ, ಈ ಸಲದ ಸುಣ್ಣಾನೂ ಕಲಬೆರಕೆ!” ಎಂದು ಅಂಗಡಿಯವನಿಗೆ ಹಿಡಿಶಾಪ ಹಾಕಿ, ಮುಂದಿನ ವರ್ಷ ಬೇರೆ ಅಂಗಡಿ ಹುಡುಕುತ್ತಾನೆ. ಹೀಗೆ ಒಂಬತ್ತು ಅಂಗಡಿಗಳು ಮುಗಿದಿವೆ. ಈ ಬೇಸಿಗೆಯಲ್ಲಿ ಅವನ ಊರಿನವರೇ ರಸ್ತೆ ತಡೆದರು. ಸಾಲಿನಲ್ಲಿ ಮೊದಲ ಲಾರಿ ಇವನದು. ಅದರ ಮುಂದೆ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂತವಳು ಹೆಂಡತಿ ಸಾವೇತಾ. ಅಭ್ಯಾಸಬಲದಿಂದ ಕೈ ಹಾರನ್ನಿಗೆ ಹೋಯಿತು. “ಒತ್ತು ಮಾರಾಯ, ಒತ್ತು, ಅದು ನಿನ್ನ ಹಕ್ಕು,” ಎಂದಳು ಸಾವೇತಾ. “ಆದ್ರೆ ಒಂದು ಮಾತು ಹೇಳು. ಹಿತ್ತಿಲ ಗೋಡೆಗೂ ಅದೇ ಸುಣ್ಣ ಬಳ್ದಿದ್ದೀಯಲ್ಲ, ಅದ್ಯಾಕೆ ಇನ್ನೂ ಹಾಲಿನ ಹಾಗಿದೆ?” ಒಂಬತ್ತು ಅಂಗಡಿಯವರೂ ಯೊರ್ಡಾಕೆಯ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ಅವನು ಹಾರನ್ನಿನಿಂದ ಕೈ ತೆಗೆದು, ಕೀ ತಿರುಗಿಸಿ, ಎಂಜಿನ್ ಆರಿಸಿದ.