ರವಿಕೆಯ ಏಳು ಇಂಚು

ಗಿಳಿಹಸಿರು ರವಿಕೆಯ ಕುತ್ತಿಗೆ ಬೆನ್ನಿನ ಕಡೆ ಏಳು ಇಂಚು ಇಳಿಯಬೇಕಿತ್ತು. ದರ್ಜಿ ನಾಲ್ಕಕ್ಕೇ ನಿಲ್ಲಿಸಿದ್ದರು. ಶಿವಾಜಿನಗರದ ಆ ಪುಟ್ಟ ಅಂಗಡಿಯಲ್ಲಿ ಎಪ್ಪತ್ತರ ಆಸುಪಾಸಿನ ಮಹಿಳೆಯೊಬ್ಬರು ತಾವೇ ಟೇಪು ಹಿಡಿದು ಅಳೆದು ತೋರಿಸುತ್ತಿದ್ದರು. ಮಾರನೆಯ ಸಂಜೆ ಅವರ ತಂಗಿಯ ಮಗಳ ಆರತಕ್ಷತೆಯಿತ್ತು.

“ನಿಮ್ ವಯಸ್ಸಿನೋರಿಗೆ ನಾವು ಇಷ್ಟೇ ಇಡೋದಮ್ಮಾ. ಹಿಂದೆ ಕೂತೋರು ಏನಾದ್ರೂ ಅಂದ್ರೆ?” ಎಂದರು ದರ್ಜಿ, ಮರ್ಯಾದೆಯಿಂದಲೇ.

“ಅನ್ಲಿ ಬಿಡಿ ಭಾಯ್. ಊಟಕ್ಕೆ ಎಲೆ ಹಾಕೋವರೆಗೂ ಅವರಿಗೂ ಏನಾದ್ರೂ ಕೆಲ್ಸ ಬೇಡ್ವಾ? ನೀವು ಕತ್ರಿ ತಗೊಳ್ಳಿ.”

ದರ್ಜಿ ನಗುತ್ತಾ ಸೀಮೆಸುಣ್ಣದಿಂದ ಹೊಸ ಗೆರೆ ಎಳೆದರು. ನನಗೆ ನಗಲಾಗಲಿಲ್ಲ. ಹತ್ತು ನಿಮಿಷದ ಹಿಂದಷ್ಟೇ ಅಮ್ಮನ ರವಿಕೆ ಬಟ್ಟೆ ಕೊಟ್ಟು, ಬೆನ್ನು ಪೂರ್ತಿ ಮುಚ್ಚಿರಲಿ, ತೋಳು ಮೊಣಕೈವರೆಗಿರಲಿ ಎಂದು ಬರೆಸಿದ್ದೆ. ಅಮ್ಮನಿಗೆ ಏನು ಬೇಕೆಂದು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಆ ಬಟ್ಟೆಗೆ ಸದ್ಯಕ್ಕೆ ಕತ್ತರಿ ಹಾಕಬೇಡಿ ಎಂದಷ್ಟೇ ಹೇಳಿ ಹೊರಬಂದೆ. ಮರುದಿನ ಬೆಳಿಗ್ಗೆ ಅಮ್ಮನನ್ನೇ ಅಂಗಡಿಗೆ ಕರೆದೊಯ್ದೆ. ಅಮ್ಮ ರವಿಕೆ ವಿನ್ಯಾಸಗಳ ಪುಸ್ತಕವನ್ನು ಒಂದೊಂದೇ ಪುಟ ತಿರುವಿ ನೋಡುವಷ್ಟು ಹೊತ್ತೂ ಪಕ್ಕದ ಸ್ಟೂಲಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದೆ.