ತೋಳಿನಿಂದ ತೋಳಿಗೆ

ಒಬ್ಬರ ತೋಳಿನ ರಕ್ತ ತೆಗೆದು ಇನ್ನೊಬ್ಬರ ತೋಳಿಗೆ ಸವರಿದರೆ ಚಳಿಜ್ವರ ಹತ್ತಿರ ಸುಳಿಯೋದಿಲ್ಲ ಅಂತ ಯಾರಾದರೂ ಹೇಳಿದರೆ ನೀವೇನು ಮಾಡ್ತೀರಿ? ನಗ್ತೀರಿ. ಹೋದ ತಿಂಗಳವರೆಗೆ ನಾನೂ ನಗುತ್ತಿದ್ದೆ.

ಈಗ ನಗು ಬರೋದಿಲ್ಲ.

ಪ್ರತಿ ವಾರ ಈ ಪತ್ರಿಕೆಯಲ್ಲಿ ಬಸ್ಸು, ರೇಷನ್ನು, ಸೀಮೆಎಣ್ಣೆ ಅಂತ ಏನೋ ಒಂದು ಹರಟೆ ಹೊಡೆದು ನಿಮ್ಮ ತಲೆ ತಿನ್ನುವವನು ನಾನು. ಈ ವಾರ ಹರಟೆಗೆ ಮನಸ್ಸಿಲ್ಲ. ಮನೆಯದೇ ಒಂದು ಸಂಗತಿ ಹೇಳಬೇಕಾಗಿದೆ.

ಪುಟ್ಟಸ್ವಾಮಿ ನಮ್ಮ ದೊಡ್ಡಮ್ಮನ ಮಗ. ಊರು ದೊಡ್ಡಬಳ್ಳಾಪುರದ ಹತ್ತಿರದ ಮಧುರೆ. ಎರಡನೇ ಮಹಾಯುದ್ಧ ಶುರುವಾದಾಗ ಮಿಲಿಟರಿ ಸೇರಿ ಲಾರಿ ಡ್ರೈವರ್ ಆದ. ಆಫ್ರಿಕಾಕ್ಕೆ ಕಳಿಸಿದರು. ಯುದ್ಧ ಮುಗಿದ ಮೇಲೆ ಕೈಕಾಲು ನೆಟ್ಟಗಿಟ್ಟುಕೊಂಡು ವಾಪಸು ಬಂದ. ಅವನ ಹೊಲದ ಕೆಲಸಕ್ಕಿಂತ ಅವನ ಕಥೆಗಳಿಗೇ ಊರಲ್ಲಿ ಗಿರಾಕಿ ಜಾಸ್ತಿ. ಸಂಜೆಯಾದರೆ ಜಗಲಿ ತುಂಬಾ ಜನ.

ಆ ಕಥೆಗಳಲ್ಲಿ ಸೂಜಿಯದೂ ಒಂದು. ಆಫ್ರಿಕಾಕ್ಕೆ ಕಳಿಸುವ ಮೊದಲು ಎಲ್ಲರನ್ನೂ ಲೈನಾಗಿ ನಿಲ್ಲಿಸಿ, ಅಂಗಿ ತೋಳು ಮೇಲೆತ್ತಿಸಿ, ಚರ್ಮದ ಅಡಿಗೆ ಒಂದು ಇಂಜೆಕ್ಷನ್ ಚುಚ್ಚಿದರಂತೆ. ಇದು ಯಾತಕ್ಕೆ ಅಂತ ಪುಟ್ಟಸ್ವಾಮಿ ಹವಾಲ್ದಾರನನ್ನು ಕೇಳಿದ. ಸೊಳ್ಳೆ ಕಚ್ಚಿ ಬರೋ ಜ್ವರಕ್ಕೆ, ಮುಂದೆ ನಡಿ ಅಂದನಂತೆ ಅವನು. ಇವನು ಮುಂದೆ ನಡೆದ. ಆಫ್ರಿಕಾದಲ್ಲಿ ಇದ್ದಷ್ಟು ದಿನವೂ ಜ್ವರ ಬರಲಿಲ್ಲ.

(ಅಲ್ಲಿ ಚಳಿಜ್ವರ ಬರದ ಹಾಗೆ ದಿನಾ ಒಂದು ಹಳದಿ ಮಾತ್ರೆ ನುಂಗಿಸುತ್ತಿದ್ದರು, ರಾತ್ರಿ ಸೊಳ್ಳೆಪರದೆ ಕಟ್ಟದಿದ್ದರೆ ಶಿಕ್ಷೆ ಕೊಡುತ್ತಿದ್ದರು. ಇದನ್ನೂ ಅವನೇ ನನಗೆ ಹೇಳಿದ್ದು, ಆದರೆ ಎಲ್ಲ ಮುಗಿದ ಮೇಲೆ. ಜಗಲಿಯ ಕಥೆಯಲ್ಲಿ ಮಾತ್ರೆ, ಪರದೆ ಬರುತ್ತಲೇ ಇರಲಿಲ್ಲ. ಮಾತ್ರೆ ಎಲ್ಲರೂ ಕಂಡದ್ದೇ. ಕಥೆಯಲ್ಲಿ ಗತ್ತು ಇರೋದು ಸೂಜಿಗೆ.)

ಈಗ ಆ ಮನೆಯ ಮಗುವಿನ ವಿಷಯ. ಪುಟ್ಟಸ್ವಾಮಿಯ ತಂಗಿ ಲಕ್ಷ್ಮಿಯ ಗಂಡ ದೊಡ್ಡಬಳ್ಳಾಪುರದಲ್ಲಿ ಮಗ್ಗ ನೇಯ್ತಾನೆ. ಅವಳು ಮಗಳು ರತ್ನನ ಜೊತೆ ತಾಯಿ ಮನೆಯಲ್ಲೇ ಇದ್ದಳು. ರತ್ನ ಮಾತಿನ ಮಲ್ಲಿ. ಹಲ್ಲು ಬಿದ್ದು ಹೊಸದು ಬರ್ತಿದ್ದ ವಯಸ್ಸು. ಮಧುರೆ ಕೆರೆ ತುಂಬಿದ ವರ್ಷವೆಲ್ಲ ಅವಳಿಗೆ ಚಳಿಜ್ವರ ತಪ್ಪಿದ್ದಲ್ಲ. ಕ್ವಿನೈನ್ ಕೊಟ್ಟರೆ ಇಳಿಯುತ್ತಿತ್ತು. ಆದರೆ ಕೊಡೋದು ಹೇಗೆ? ಆ ಕಹಿಗೆ ಹುಡುಗಿ ಎಲ್ಲರನ್ನೂ ಮನೆ ತುಂಬಾ ಓಡಾಡಿಸುತ್ತಿದ್ದಳು. ಹಿಡಿದು, ಮೂಗು ಮುಚ್ಚಿ ನುಂಗಿಸಬೇಕು. ಅದನ್ನು ನೋಡೋದು ದೊಡ್ಡಮ್ಮನಿಗೆ ಆಗುತ್ತಿರಲಿಲ್ಲ.

ಒಂದು ದಿನ ದೊಡ್ಡಮ್ಮ ಮಗನನ್ನು ಕರೆದು, ನಿನ್ನ ತೋಳಲ್ಲಿರೋದನ್ನ ಮಗೂಗೆ ಹಾಕು ಅಂದಳು.

ಹುಚ್ಚು ಅಂತೀರಾ? ಸ್ವಲ್ಪ ತಡೀರಿ. ದೊಡ್ಡಮ್ಮ ಹುಡುಗಿಯಾಗಿದ್ದಾಗ ಸಿಡುಬಿಗೆ ದೇವಿ ಹಾಕೋನು, ಅದೇ ಲಸಿಕೆಯವನು, ಈಗಿನ ಹಾಗೆ ಔಷಧಿ ಹೊತ್ತು ಬರುತ್ತಿರಲಿಲ್ಲ. ಆಗಲೇ ಹಾಕಿಸಿಕೊಂಡಿದ್ದ ಒಂದು ಮಗುವನ್ನು ಜೊತೆಗೆ ಕರಕೊಂಡು ಬರುತ್ತಿದ್ದ. ಅದರ ತೋಳಿನ ಗುಳ್ಳೆ ಒಡೆದು, ಅದರ ನೀರನ್ನು ಊರ ಮಕ್ಕಳ ತೋಳು ಗೀರಿ ಹಚ್ಚುತ್ತಿದ್ದ. ದೊಡ್ಡಮ್ಮನಿಗೂ ಹಾಗೇ ಹಚ್ಚಿದ್ದು. ಆಮೇಲೆ ಸಿಡುಬು ಊರಿಗೆ ಎಷ್ಟು ಸಲ ಬಂತೋ, ಇವಳನ್ನು ಮುಟ್ಟಲಿಲ್ಲ. ಅವಳು ಕಣ್ಣಾರೆ ಕಂಡದ್ದನ್ನೇ ಹೇಳಿದಳು. ಅದರಲ್ಲಿ ಸುಳ್ಳೇನಿತ್ತು?

ಪುಟ್ಟಸ್ವಾಮಿ ಮೊದಲು ಆಗೋದಿಲ್ಲ ಅಂದ. ದೊಡ್ಡಮ್ಮ ಬಿಡಲಿಲ್ಲ. ಲಕ್ಷ್ಮಿಯೂ ಕೇಳಿಕೊಂಡಳು. ಹಾಕಿದರೆ ನಷ್ಟವೇನು ಅಂತ ಅವನಿಗೂ ಅನ್ನಿಸಿತಂತೆ. ಸೂಜಿಯನ್ನು ಕುದಿವ ನೀರಲ್ಲಿ ಅದ್ದಿ, ತನ್ನ ತೋಳು ಗೀರಿಕೊಂಡು, ರತ್ನನ ತೋಳನ್ನೂ ಮೆಲ್ಲಗೆ ಗೀರಿ ರಕ್ತ ಸವರಿದ. ಹುಡುಗಿ ಅಳಲಿಲ್ಲವಂತೆ. ಇನ್ನು ಕಹಿ ಮಾತ್ರೆ ಇಲ್ಲ ತಾನೇ ಅಂತ ಕೇಳಿದಳಂತೆ. ಇಲ್ಲ ಅಂದರು.

ಮಳೆ ಹಿಡಿಯಿತು. ಕೆರೆ ತುಂಬಿತು. ರತ್ನನಿಗೆ ಚಳಿ ಹತ್ತಿತು.

ಯಾರೂ ಹೆದರಲಿಲ್ಲ. ದೇವಿ ಹಾಕಿದ ಮೇಲೂ ಮಕ್ಕಳಿಗೆ ಮೈ ಬಿಸಿಯಾಗುತ್ತಲ್ಲ, ಒಳಗೆ ಔಷಧಿ ಕೆಲಸ ಮಾಡ್ತಿದೆ ಅಂದುಕೊಂಡರು. ಜ್ವರ ಬಿಟ್ಟು ಮತ್ತೆ ಬಂತು. ಮತ್ತೆ ಬಂದಾಗಲೂ ಕಾದರು. ಗೋಡೆಗೂಡಿನಲ್ಲಿ ಕ್ವಿನೈನ್ ಇತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಮಗುವಿಗೆ ಮಾತು ಕೊಟ್ಟಾಗಿತ್ತು.

ಹುಡುಗಿ ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದುಕೊಂಡಾಗ ಗಾಡಿ ಕಟ್ಟಿದರು. ಬೆಳಿಗ್ಗೆ ನಾನು ಇನ್ನೂ ಹಲ್ಲುಜ್ಜುತ್ತಿದ್ದೆ. ದೊಡ್ಡಬಳ್ಳಾಪುರದ ನಮ್ಮ ಮನೆ ಮುಂದೆ ಗಾಡಿ ನಿಂತಿತು. ಲಕ್ಷ್ಮಿಯ ಮಡಿಲಲ್ಲಿ ರತ್ನ. ಮೂಲೆಯಲ್ಲಿ ದೊಡ್ಡಮ್ಮ. ಪುಟ್ಟಸ್ವಾಮಿ ನೊಗದ ಪಕ್ಕ ನಡೆದೇ ಬಂದಿದ್ದ. ಲಕ್ಷ್ಮಿಯ ಗಂಡನಿಗೆ ಹೇಳಿಕಳಿಸಿ, ಆಸ್ಪತ್ರೆಗೆ ದಾರಿ ತೋರಿಸುತ್ತಾ ನಾನೂ ಜೊತೆಗೆ ಹೊರಟೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಮಗು ಕಂಡ ತಕ್ಷಣ ಕ್ವಿನೈನ್ ಇಂಜೆಕ್ಷನ್ ಕೊಟ್ಟರು, ಪಕ್ಕದಲ್ಲೇ ಕೂತರು. ಮಧ್ಯಾಹ್ನದ ಹೊತ್ತಿಗೆ ರತ್ನ ಹೋದಳು.

ತೋಳಿನ ಗೀರು ಡಾಕ್ಟರ ಕಣ್ಣಿಗೆ ಬಿದ್ದಿತ್ತು. ಇದೇನು ಅಂತ ಕೇಳಿದರು. ಪುಟ್ಟಸ್ವಾಮಿ ಒಂದನ್ನೂ ಮುಚ್ಚಿಡದೆ ಹೇಳಿದ. ಅವರು ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದರು.

"ನಿನಗೆ ಸೂಜಿ ಹಾಕಿದ್ದು ಬೇರೆ ಜ್ವರಕ್ಕೆ ಕಣಪ್ಪ, ಆಫ್ರಿಕಾದ ಹಳದಿ ಜ್ವರಕ್ಕೆ. ಬೇರೆ ಸೊಳ್ಳೆ, ಬೇರೆ ವಿಷ. ನಮ್ಮ ಚಳಿಜ್ವರಕ್ಕೆ ಸೂಜಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಆ ಆಫ್ರಿಕಾ ಜ್ವರ ನಮ್ಮ ದೇಶದಲ್ಲಿ ಇಲ್ಲ, ಅದನ್ನ ಹರಡೋ ಸೊಳ್ಳೆ ಮಾತ್ರ ಇದೆ. ನಿಮ್ಮಂಥೋರ ಮೈಯಲ್ಲಿ ಕಾಯಿಲೆ ಇಲ್ಲಿಗೆ ಬಂದ್ಬಿಟ್ರೆ ಊರಿಗೂರೇ ಹೋಗುತ್ತೆ. ನಿನಗೆ ಸೂಜಿ ಹಾಕಿದ್ದು ಅದಕ್ಕೂ ಸೇರಿಸಿ."

ಅಂದರೆ ಅವನ ಮನೆ, ಅವನ ಊರು, ಅವನ ತಂಗಿಯ ಮಗಳು ಚೆನ್ನಾಗಿರಲಿ ಅಂತಲೂ ಹಾಕಿದ ಸೂಜಿ. ಪುಟ್ಟಸ್ವಾಮಿ ತಲೆ ಎತ್ತಲಿಲ್ಲ. ಹೌದಾ ಸಾರ್ ಅಂದ. ಮತ್ತೆ, ಹೌದಾ ಅಂದ.

ತಿಥಿಯ ದಿನ ಮಧುರೆಗೆ ಹೋಗಿದ್ದೆ. ಜಗಲಿ ಖಾಲಿ. ಯಾರೋ ನೆಂಟರು ಮಾತು ಬದಲಿಸೋಣ ಅಂತ ಆಫ್ರಿಕಾ ಹೇಗಿತ್ತು ಅಂತ ಕೇಳಿದರು. ಪುಟ್ಟಸ್ವಾಮಿ ಎದ್ದು ಎತ್ತಿಗೆ ಹುಲ್ಲು ಹಾಕೋಕೆ ಹೋದ. ಲಕ್ಷ್ಮಿ ಅಣ್ಣನಿಗೆ ಊಟ ಬಡಿಸಿ, ಅಲ್ಲಿ ನಿಲ್ಲದೆ ಒಳಗೆ ಹೋದಳು. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ನಂಗೆ ಹಾಕಿದ್ದು ಹಿಡೀತಲ್ಲಪ್ಪ. ಅವಳಿಗ್ಯಾಕೆ ಹಿಡೀಲಿಲ್ಲ?"

ಡಾಕ್ಟರು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೂ ಅವಳ ಮುಖ ನೋಡದೆ ಅರ್ಧಂಬರ್ಧ ಹೇಳಿದೆ. ಅವಳು ಕೇಳಿಸಿಕೊಂಡಳು. ಅರ್ಥವಾಯಿತೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಮೊನ್ನೆ ಇದನ್ನು ಹೋಟೆಲಿನಲ್ಲಿ ಒಬ್ಬ ಸ್ನೇಹಿತರಿಗೆ ಹೇಳಿದೆ. ಓದಿದವರು. ಹಳ್ಳಿ ಜನ ಅಂದರೆ ಹೀಗೇ ರೀ ಅಂದು ಕಾಫಿ ಲೋಟ ಕೆಳಗಿಟ್ಟರು. ನಿಮ್ಮ ತೋಳಿಗೆ ಹಾಕಿದ್ದೆಲ್ಲ ಯಾತಕ್ಕೆ, ಅದರೊಳಗೇನಿತ್ತು ಅಂತ ನಿಮಗೆ ಗೊತ್ತೇ ಅಂತ ಕೇಳಿದೆ. ಲೋಟ ಮತ್ತೆ ಕೈಗೆತ್ತಿಕೊಂಡರು. ನನಗೂ ಗೊತ್ತಿಲ್ಲ ಬಿಡಿ.

ಸೂಜಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಸೂಜಿಯ ಉಪಕಾರ ದೊಡ್ಡದು. ದೊಡ್ಡಮ್ಮನನ್ನು ಉಳಿಸಿತು, ಪುಟ್ಟಸ್ವಾಮಿಯನ್ನು ಕಾಯಿತು, ಬಹುಶಃ ನಮ್ಮೆಲ್ಲರನ್ನೂ ಕಾಯಿತು. ಇನ್ನೂ ಎಷ್ಟೋ ಬರಲಿ. ಚಳಿಜ್ವರಕ್ಕೂ ಒಂದು ಬರಲಿ.

ಆದರೆ ಅಷ್ಟು ಜನರ ತೋಳನ್ನು ಹುಡುಕಿ ಹಿಡಿದವರಿಗೆ, ಒಂದು ಗೇಣು ಮೇಲೆ, ಇದು ಯಾತಕ್ಕೆ ಅಂತ ಹೇಳಿದರೆ ಕೇಳೋ ಕಿವಿಯೂ ಇದೆ ಅಂತ ಯಾಕೆ ಕಾಣಲಿಲ್ಲ?