ಅತ್ತೆಯ ಕಾಲುಂಗುರ ಮತ್ತು ಕೋಲ್ಡ್ ರೂಮು

ನಮ್ಮತ್ತೆಯ ಪ್ರಕಾರ ಚಳಿ ಆಗುವುದು ರೇಷ್ಮೆ ಹುಳುವಿಗೆ ಮಾತ್ರ. ಮನುಷ್ಯರಿಗೆ ಆದರೆ ಅದಕ್ಕೆ ಅವರು ಇಟ್ಟ ಹೆಸರು ಸೋಮಾರಿತನ. ಸಾದಲಿ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಚಳಿಗಾಲದಲ್ಲಿ. ಹುಳು ಮನೆಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಗೋಡೆಯ ಥರ್ಮಾಮೀಟರನ್ನು ಅತ್ತೆ ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದರು. ಈಚೆ ನಡುಮನೆಯಲ್ಲಿ ನಾನು ಹಲ್ಲು ಕಟಕಟಿಸಿಕೊಂಡು ಕೂತಿದ್ದರೆ, ಹೋಗಿ ಹುಳುವಿಗೆ ಸೊಪ್ಪು ಹಾಕು, ಮೈ ಬೆಚ್ಚಗಾಗುತ್ತೆ ಅನ್ನುತ್ತಿದ್ದರು. ಒಂದು ಸ್ವೆಟರ್ ಕೇಳಿದ್ದಕ್ಕೆ ಬೀದಿಗೆಲ್ಲ ಹೇಳಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು, ಚಳಿ ಮಾತ್ರ ಬಿಡಲಿಲ್ಲ.

ಆ ಹುಳು ಮನೆಗೆ ಇನ್ನೊಂದು ಕಟ್ಟಳೆ ಇತ್ತು. ಬಾಗಿಲಲ್ಲಿ ಸುಣ್ಣದ ಪುಡಿ ಹರಡಿರುತ್ತಿತ್ತು. ಚಪ್ಪಲಿ ಆಚೆ ಬಿಟ್ಟು, ಕಾಲು ತೊಳೆದು, ಅದನ್ನು ತುಳಿದೇ ಒಳಗೆ ಹೋಗಬೇಕು. ಹೊರಗಿನ ಕೊಳೆಯಿಂದ ಹುಳುವಿಗೆ ರೋಗ ತಗುಲುತ್ತದೆ ಎನ್ನುವುದು ನಿಜವೇ. ಆದರೆ ಅತ್ತೆ ಅದನ್ನು ದೇವಸ್ಥಾನದ ಮಟ್ಟಕ್ಕೆ ಏರಿಸಿದ್ದರು. ಹುಳು ನೋಡಲು ಬಂದ ರೇಷ್ಮೆ ಇಲಾಖೆಯ ಸಾಹೇಬರೊಬ್ಬರನ್ನು ಬೂಟು ಬಿಚ್ಚುವ ತನಕ ಹೊಸಿಲು ದಾಟಲು ಬಿಡಲಿಲ್ಲ. ಅವರ ಕಾಲುಚೀಲದಲ್ಲಿ ತೂತಿತ್ತು. ಆ ತೂತಿನ ವಿಷಯವೂ ಬೀದಿಗೆಲ್ಲ ಗೊತ್ತಾಯಿತು.

ಆಮೇಲೆ ಮನೆಯಲ್ಲಿ ದುಡಿಯುವ ಕೈಗಳು ಕಡಿಮೆಯಾದವು. ನನ್ನ ಗಂಡ ಟೆಂಪೋ ಓಡಿಸಲು ಶುರುಮಾಡಿದರು. ಹುಳು ಸಾಕುವುದನ್ನು ಬಿಟ್ಟು, ಮಾವ ಹಿಪ್ಪುನೇರಳೆ ತೋಟ ನೋಡಿಕೊಂಡು ಸೊಪ್ಪು ಮಾರುವುದೆಂದಾಯಿತು. ಹುಳುವಿಲ್ಲದ ಮನೆಯಲ್ಲಿ ಅತ್ತೆಗೆ ಹೊತ್ತು ಹೋಗಲಿಲ್ಲ. ಅವರ ಗಮನವೆಲ್ಲ ನನ್ನ ಮೇಲೆ ಬಿತ್ತು. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಗುಲಾಬಿ ಪ್ಯಾಕ್ ಮಾಡುವ ಶೆಡ್ಡಿಗೆ ಹೆಂಗಸರು ಬೇಕಂತೆ ಎಂದು ತಿಳಿದಾಗ, ತಪ್ಪಿಸಿಕೊಳ್ಳಲು ಇದೇ ದಾರಿ ಅಂದುಕೊಂಡು ನಾನು ಹೊರಟೆ. ವ್ಯಾನ್ ಹತ್ತಿ ನೋಡಿದರೆ ಅತ್ತೆ ನನಗಿಂತ ಮೊದಲೇ ಬಂದು, ಬುತ್ತಿ ಹಿಡಿದು ಕೂತಿದ್ದರು.

ಶೆಡ್ಡಿನ ಹಿಂದುಗಡೆ ಕೋಲ್ಡ್ ರೂಮು. ಕತ್ತರಿಸಿ ತಂದ ಗುಲಾಬಿಯನ್ನು ಕಟ್ಟು ಕಟ್ಟಿ, ನೀರಿನ ಬಕೆಟ್ಟುಗಳಲ್ಲಿ ನಿಲ್ಲಿಸಿ ಅಲ್ಲಿಡಬೇಕು. ಲಾರಿ ಬಂದಾಗ ಒಳಗೆ ಹೋಗಿ ಆರಿಸಿ ತರಬೇಕು. ದಪ್ಪನೆಯ ಬಾಗಿಲು, ಅದರ ಹಿಂದೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಅದನ್ನು ಸರಿಸಿದರೆ ಫ್ರಿಜ್ಜಿನೊಳಗೇ ಹೊಕ್ಕ ಹಾಗೆ. ನೆಲ ಯಾವಾಗಲೂ ಒದ್ದೆ.

ಅಲ್ಲಿನ ಸೂಪರ್‌ವೈಸರ್ ಐವತ್ತು ದಾಟಿದ, ಹೊಟ್ಟೆ ಬಂದ, ತಾಳ್ಮೆಯ ಮನುಷ್ಯ. ಮೊದಲ ದಿನವೇ ನಮ್ಮನ್ನೆಲ್ಲ ನಿಲ್ಲಿಸಿ ಪಾಠ ಮಾಡಿದರು. ಜಾಕೆಟ್ಟು, ಟೋಪಿ, ಕೈಗವಸು, ಉಣ್ಣೆಯ ಕಾಲುಚೀಲ, ಅದರ ಮೇಲೆ ಗಮ್‌ಬೂಟು ಇಲ್ಲದೆ ಯಾರೂ ಒಳಗೆ ಹೋಗಕೂಡದು. ಬಟ್ಟೆ ಒದ್ದೆಯಾದರೆ ಬದಲಾಯಿಸಬೇಕು. ತುಂಬ ಹೊತ್ತು ಒಳಗಿರದೆ ಆಗಾಗ ಆಚೆ ಬಂದು ಬಿಸಿಯಾಗಿ ಏನಾದರೂ ಕುಡಿಯಬೇಕು. ಕೈಕಾಲು ಮರಗಟ್ಟಿದರೆ ತಕ್ಷಣ ಹೇಳಬೇಕು, ಬೆಂಕಿಗೆ ಮಾತ್ರ ಹಿಡಿಯಬಾರದು, ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಕೊನೆಗೆ, ಉಂಗುರಗಳನ್ನು ಬಿಚ್ಚಿಡಿ, ಬೆರಳು ಊದಿದರೆ ಬಿಗಿಯುತ್ತದೆ, ಕಾಲುಂಗುರವೂ ಅಷ್ಟೇ ಎಂದರು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಬದುಕಿರುವಾಗ ಯಾರಾದರೂ ಕಾಲುಂಗುರ ತೆಗೆಯುವುದುಂಟೇ? ಮೊದಲು ನಿಮ್ಮ ಮನೆಯವರ ಕಾಲಿಂದ ತೆಗೆಸಿಕೊಂಡು ಬನ್ನಿ, ಆಮೇಲೆ ನಮಗೆ ಹೇಳುವಿರಂತೆ ಎಂದು ಅತ್ತೆ ಅಂದರು. ಆ ಮನುಷ್ಯ ಮತ್ತೆ ಆ ಮಾತು ಎತ್ತಲಿಲ್ಲ.

ಮಿಕ್ಕಿದ್ದಕ್ಕೆಲ್ಲ ಅತ್ತೆ ತಮ್ಮದೇ ರೀತಿಯಲ್ಲಿ ಒಪ್ಪಿದರು. ಗಂಡಸರ ಹಾಗೆ ಕಾಣಬಾರದೆಂದು ಜಾಕೆಟ್ಟಿನ ಮೇಲೆ ಸೆರಗು ಹೊದ್ದು ಸೊಂಟಕ್ಕೆ ಸಿಕ್ಕಿಸಿದರು. ಮಂಕಿ ಕ್ಯಾಪಿನೊಳಗೆ ಕುಂಕುಮ ಅಳಿಸಿಹೋಗುತ್ತದೆಂದು ಕ್ಯಾಪಿನ ಮೇಲೇ, ಹಣೆಯ ಜಾಗದಲ್ಲಿ, ಒಂದು ಕೆಂಪು ಸ್ಟಿಕರ್ ಅಂಟಿಸಿದರು. ಕಣ್ಣು ಮೂಗು ಬಿಟ್ಟು ಬೇರೇನೂ ಕಾಣದ ಉಣ್ಣೆಯ ಮುಖಕ್ಕೆ ಒಂದು ಬೊಟ್ಟು. ನನಗೆ ನಗು ತಡೆಯಲಾಗದೆ ಖಾಲಿ ಬಕೆಟ್ಟು ಎತ್ತಿಕೊಂಡು ಓಡಿದೆ. ಇಷ್ಟೆಲ್ಲ ಸಿಂಗಾರ ಮಾಡಿಕೊಂಡು ಕೋಲ್ಡ್ ರೂಮಿನ ಬಾಗಿಲಿಗೆ ಬಂದವರು, ಗಮ್‌ಬೂಟನ್ನೂ ಕಾಲುಚೀಲವನ್ನೂ ಬಿಚ್ಚಿ ಗೋಡೆಗೆ ಒರಗಿಸಿ, ಬರಿಗಾಲಲ್ಲಿ ಒಳಗೆ ಹೋದರು.

ನಾನು ಕೂಗಿದರೆ ತಿರುಗಿಯೂ ನೋಡಲಿಲ್ಲ. ಆಚೆ ಬಂದ ಮೇಲೆ, ಹೂವಿನ ಮಧ್ಯ ಬೂಟು ಹಾಕಿಕೊಂಡು ಓಡಾಡಿದರೆ ಆ ಹೂವನ್ನು ಯಾವ ದೇವರು ಮುಡಿಯುತ್ತಾನೆ ಎಂದು ನನ್ನನ್ನೇ ಕೇಳಿದರು. ಇದು ದೇವರಿಗೆ ಹೋಗುವ ಹೂವಲ್ಲ ಅತ್ತೆ, ಮದುವೆ ಸ್ಟೇಜಿಗೆ, ಹೋಟೆಲ್ ಮೇಜಿಗೆ, ಮದುಮಕ್ಕಳ ಕಾರಿಗೆ ಹೋಗುವುದು ಅಂದೆ. ಮದುಮಕ್ಕಳೂ ದೇವರ ಸಮಾನ, ಕಾರಿಗೂ ಆಯುಧಪೂಜೆ ಮಾಡುತ್ತಾರೆ, ಹೋಟೆಲಿನ ಗಲ್ಲಾದ ಮೇಲೆ ಲಕ್ಷ್ಮಿ ಪಟ ಇರುತ್ತದೆ ಎಂದು ಒಂದೊಂದಕ್ಕೂ ಉತ್ತರ ಕೊಟ್ಟರು. ಈಯಮ್ಮನ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಹಿರಿಯರೇ ಹಾಗೆ ಮಾಡಿದ್ದನ್ನು ನೋಡಿ ಮಿಕ್ಕವರಿಗೂ ಅಳುಕು ಹುಟ್ಟಿತು. ಎಷ್ಟೋ ಜನ ಹುಳು ಸಾಕಿದ ಮನೆಯವರೇ. ಅಂಥ ಬಾಗಿಲು ಕಂಡರೆ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ. ಕೆಲವೇ ದಿನಗಳಲ್ಲಿ ಕೋಲ್ಡ್ ರೂಮಿನ ಆಚೆ ಗಮ್‌ಬೂಟುಗಳ ಸಾಲು, ಒಳಗೆ ಬರಿಗಾಲಿನ ಹೆಂಗಸರು. ಅಷ್ಟೇ ಆಗಿದ್ದರೆ ಸೂಪರ್‌ವೈಸರ್ ಹೇಗೋ ಸಹಿಸುತ್ತಿದ್ದರು. ಟೀ ಕುಡಿಯಲು ಹೋಗುವ ದಾರಿಯಲ್ಲಿ ಕೆಸರು, ಒಳ್ಳೆಯ ಚಪ್ಪಲಿ ಹಾಳಾಗುತ್ತದೆಂದು ಎಲ್ಲರೂ ಅದೇ ಗಮ್‌ಬೂಟು ಏರಿಸಿಕೊಂಡು ಚುರುಗುಟ್ಟುವ ಬಿಸಿಲಲ್ಲಿ ದಪದಪ ನಡೆದುಹೋದೆವು. ಹೌದು, ನಾನೂ ಹೋದೆ, ನನ್ನ ಚಪ್ಪಲಿಯೂ ಹೊಸದಾಗಿತ್ತು. ಪಾಪ, ಆ ಮನುಷ್ಯ ಟೀ ಲೋಟ ಹಿಡಿದು ಹಾಗೇ ನಿಂತುಬಿಟ್ಟರು. ಬೈದರು, ಬೇಡಿಕೊಂಡರು, ಕೊನೆಗೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮಿಕ್ಕವರು ದಾರಿಗೆ ಬಂದೆವು. ಅತ್ತೆ ಮಾತ್ರ ಅವರ ಮುಂದೆ ಬೂಟು ಹಾಕಿಕೊಂಡು, ಪರದೆ ದಾಟಿದ ಕೂಡಲೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ಅತ್ತೆಗೆ ಸಕ್ಕರೆ ಕಾಯಿಲೆ ಇರದಿದ್ದರೆ ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತು. ಕಾಯಿಲೆ ಇದೆ ಎಂದು ಅವರು ಒಪ್ಪುತ್ತಿರಲಿಲ್ಲ. ಡಾಕ್ಟರಿಗೆ ಹಾಗನ್ನಿಸುತ್ತೆ ಅಷ್ಟೇ ಅನ್ನುತ್ತಿದ್ದರು. ಒಂದು ಸಂಜೆ ಕೆಲಸದಿಂದ ಬಂದು, ಕಾಲು ತೊಳೆಯಲು ಹಂಡೆಯಿಂದ ನೀರು ತೋಡಿ ಕೊಟ್ಟೆ. ನನ್ನ ಕೈಗೆ ಚುರ್ ಎಂದ ನೀರನ್ನು ಪಾದದ ಮೇಲೆ ಸುರಿದುಕೊಂಡು, ಇದೇನಮ್ಮ ತಣ್ಣೀರು ಕೊಟ್ಟಿದ್ದೀಯ ಅಂದರು. ಚೊಂಬು ಕಿತ್ತುಕೊಂಡು ಅವರ ಕಾಲನ್ನು ಬೆಳಕಿಗೆ ಹಿಡಿದು ನೋಡಿದೆ. ಎಡಗಾಲಿನ ಕಾಲುಂಗುರದ ಬೆರಳು ದಪ್ಪಗೆ ಊದಿ, ಬೆಳ್ಳಿ ಮಾಂಸದೊಳಗೆ ಹೂತುಹೋಗಿತ್ತು. ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಾದದ ಪಕ್ಕದಲ್ಲಿ ಒಂದು ಬೊಬ್ಬೆ. ಹಿಂದಿನ ದಿನ ಅಗ್ಗಿಷ್ಟಿಕೆಗೆ ಕಾಲು ಚಾಚಿ ಕೂತಿದ್ದರಂತೆ. ಸುಟ್ಟದ್ದು ಗೊತ್ತೇ ಆಗಿರಲಿಲ್ಲ.

ಅವರು ಗೊಣಗುತ್ತಿದ್ದರೂ ಬಿಡದೆ ಆಟೋದಲ್ಲಿ ಹಾಕಿಕೊಂಡು ಶಿಡ್ಲಘಟ್ಟದ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಬೆರಳಿನ ತುದಿಗೆ ಪಿನ್ನು ಚುಚ್ಚಿ, ನೋವಾಯಿತೇ ಎಂದು ಕೇಳಿದರು. ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ, ಯಾವಾಗ ಚುಚ್ಚುತ್ತೀರಿ ಅಂದರು. ಡಾಕ್ಟರ ಮುಖ ಗಂಭೀರವಾಯಿತು. ರಕ್ತ ಹರಿಯುತ್ತಿಲ್ಲ, ಉಂಗುರವನ್ನು ಈಗಲೇ ಕತ್ತರಿಸಬೇಕು, ತಡಮಾಡಿದರೆ ಬೆರಳನ್ನೇ ತೆಗೆಯಬೇಕಾಗುತ್ತದೆ, ಸಕ್ಕರೆ ಇರುವವರಿಗೆ ಅದು ಬೆರಳಿಗೇ ನಿಲ್ಲುತ್ತದೆಂದು ಹೇಳಲಾಗದು ಎಂದು ಬಿಡಿಸಿ ಹೇಳಿದರು. ಸಣ್ಣ ಕಟರ್ ಕೈಗೆತ್ತಿಕೊಂಡರು. ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡುಬಿಟ್ಟರು.

"ಉಂಗುರ ಮುಟ್ಬೇಡಿ ಸಾರ್. ಬೇಕಾದ್ರೆ ಬೆರಳು ತಗೊಳ್ಳಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಗಂಡ ಹೋದ ದಿನ ಬಿಚ್ಚುವುದನ್ನು ಇವತ್ತೇ ಬಿಚ್ಚಿದರೆ ಆ ಮನುಷ್ಯನಿಗೆ ಏನಾದರೂ ಆಗುತ್ತದೆ ಎಂಬ ಭಯ ಅವರಿಗೆ. ನರ್ಸಮ್ಮ ಹೇಳಿದರು, ನಾನು ಕೈ ಮುಗಿದೆ, ಗದರಿದೆ. ಯಾವ ಕಾಲದಲ್ಲಿದ್ದೀರಿ ನೀವು ಎಂದು, ಮದುವೆಯಾಗಿ ಬಂದಾಗಿನಿಂದ ಎತ್ತರಿಸದ ದನಿಯನ್ನು ಎತ್ತರಿಸಿ ಕೂಗಾಡಿದೆ. ಅವರು ಜಗ್ಗಲಿಲ್ಲ. ಆಚೆ ಬಂದು ಮಾವನಿಗೆ ಫೋನ್ ಮಾಡಿದೆ. ಬೇಗ ಡಾಕ್ಟರ ಹತ್ತಿರ ಬನ್ನಿ ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಆ ಹೆಂಗಸಿನ ಮೇಲೆ ನನಗೆ ಅಷ್ಟು ಪ್ರೀತಿ ಇತ್ತೆಂದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ.

ನಮ್ಮ ಮಾವನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅವರೇ ಹೆಚ್ಚೇನೂ ಹೇಳುವವರಲ್ಲ. ಮನೆಯಲ್ಲಿ ಅವರ ಬಾಯಿಂದ ಕೇಳಿದ ಮಾತೆಂದರೆ 'ಆಯ್ತು' ಒಂದೇ. ಅತ್ತೆ ಏನೇ ಅಂದರೂ ಆಯ್ತು. ಅವತ್ತು ತೋಟದಿಂದ ಹಾಗೇ ಬಂದಿದ್ದರು. ಪಂಚೆ ಮೊಣಕಾಲಿಗೆ ಕಟ್ಟಿತ್ತು, ಕಾಲಲ್ಲಿ ಮಣ್ಣು. ಡಾಕ್ಟರು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ಅತ್ತೆ, ಇವರೆಲ್ಲ ಸೇರಿ ಹೀಗಂತಾರೆ, ನಾನು ತೆಗೆಸುವುದಿಲ್ಲ ಅಂದರು. ಮಾವ ಈಗ ಆಯ್ತು ಅನ್ನುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಯಾಕೆ ತೆಗೆಸಲ್ಲ?" ಎಂದರು ಮಾವ.

"ನೀವಿರೋವಾಗ ತೆಗೀಬಾರ್ದು. ನಿಮಗೇನಾದ್ರೂ ಆದ್ರೆ?"

"ನಾನೆಲ್ಲಿ ಹೋಗ್ತೀನಿ, ಕಣ್ಣೆದುರಿಗೇ ನಿಂತಿಲ್ವಾ? ಹಾಕಿದ್ದು ನಾನು, ನಾನೇ ತೆಗೀತೀನಿ. ಬೆರಳಿದ್ರೆ ಇನ್ನೊಂದ್ ಜೊತೆ ತಂದು ಹಾಕ್ತೀನಿ. ಬೆರಳೇ ಹೋದ್ರೆ ಎಲ್ಲಿಗೆ ಹಾಕ್ಲಿ ಹೇಳು."

ಅತ್ತೆ ಸೀರೆಯೊಳಗಿಂದ ಕಾಲನ್ನು ಮೆಲ್ಲಗೆ ಆಚೆ ಚಾಚಿದರು. ಮಾವ ನೆಲದ ಮೇಲೆ ಕೂತು, ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಡಾಕ್ಟರು ಉಂಗುರದ ಅಡಿಗೆ ತೆಳ್ಳನೆಯ ತಗಡು ತೂರಿಸಿ, ಕಟರನ್ನು ಅವರ ಕೈಗೆ ಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿದರು. ವರ್ಷಗಟ್ಟಲೆ ಹಿಪ್ಪುನೇರಳೆ ಕಡ್ಡಿ ಕಡಿದ ಕೈ ಕಟರನ್ನು ಬಿಗಿಯಾಗಿ ಹಿಡಿಯಿತು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು, ಉಂಗುರ ಕತ್ತರಿಸುವ ಗಳಿಗೆಗೆ ಅವರು ಮಾಯವಾಗಿಬಿಡುತ್ತಾರೇನೋ ಅನ್ನುವ ಹಾಗೆ. ಟಕ್ ಎಂದಿತು. ಡಾಕ್ಟರು ಅದನ್ನು ಅಗಲಿಸಿ ಬಿಡಿಸಿ ಮಾವನ ಕೈಗಿಟ್ಟರು. ಬೆರಳ ಸುತ್ತ ಉಂಗುರ ಕೂತಿದ್ದ ಜಾಗದಲ್ಲಿ ಆಳವಾದ ಗೆರೆ.

ಆಮೇಲೆ ಕಾಯುವುದು. ಡಾಕ್ಟರು ಬೆರಳನ್ನು ಒತ್ತುವರು, ಬಿಡುವರು, ನೋಡುವರು. ಬೆಚ್ಚನೆಯ ಬಟ್ಟೆ ಸುತ್ತಿದರು. ಚಿಂತಾಮಣಿ ಕಡೆಯ ಅತ್ತೆಯ ತವರಿನ ದೇವರುಗಳಿಗೂ ನಾನು ಹರಕೆ ಹೊತ್ತೆ, ನನಗೂ ಆ ದೇವರುಗಳಿಗೂ ಪರಿಚಯವೇ ಇರಲಿಲ್ಲ. ಮಾವ ಇನ್ನೂ ಕೆಳಗೇ ಕೂತು ಪಾದ ಹಿಡಿದುಕೊಂಡಿದ್ದರು. ಡಾಕ್ಟರು ಬಟ್ಟೆ ಬಿಚ್ಚಿ, ಏನೂ ಹೇಳದೆ ಪಿನ್ನು ಚುಚ್ಚಿದರು.

ಅತ್ತೆ ಒದ್ದರು. ಆ ಒದೆ ಸೀದಾ ಮಾವನ ಎದೆಗೆ ಬಿತ್ತು. ಮಾವ ಹಿಂದಕ್ಕೆ ಉರುಳಿ ಸ್ಟೂಲಿಗೆ ಹೊಡೆದುಕೊಂಡು ಬಿದ್ದರು, ಸ್ಟೂಲಿನ ಮೇಲಿದ್ದ ಹತ್ತಿಯ ಡಬ್ಬ ಅವರ ಮೇಲೆ ಬಿತ್ತು. ಅತ್ತೆ ಕಾಲು ಹಿಡಿದುಕೊಂಡು, ತವರಿನ ತೆಲುಗಿನಲ್ಲಿ, ಡಾಕ್ಟರನ್ನು ಬಿಟ್ಟು ಮಾವನ ವಂಶದವರನ್ನೆಲ್ಲ ಒಬ್ಬೊಬ್ಬರಾಗಿ ಬೈದರು.

ಡಾಕ್ಟರು ಬೈಗುಳ ಮುಗಿಯುವ ತನಕ ಕಾದರು. "ನೋವಾಯ್ತೇನಮ್ಮ?"

"ಆಗ್ದೆ ಇರ್ತದಾ? ಜೀವ ಹೋದಂಗಾಯ್ತು."

"ಹಂಗಾದ್ರೆ ಬೆರಳು ಉಳೀತು ಬಿಡಿ."

ಅತ್ತೆ ಬಗ್ಗಿ ಆ ಬೆರಳನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ. ಅಳುವುದಿದ್ದರೆ ಆಚೆ ಹೋಗಿ, ಬೇರೆ ಪೇಷಂಟುಗಳಿದ್ದಾರೆ ಎಂದು ನರ್ಸಮ್ಮ ಗದರಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಮಾವ ಮಾತ್ರ ಎದ್ದಿರಲಿಲ್ಲ. ಮೈಮೇಲೆಲ್ಲ ಹತ್ತಿ, ಮುಷ್ಟಿಯಲ್ಲಿ ಮುರಿದ ಉಂಗುರ. ತೆವಳಿಕೊಂಡು ಬಂದು ಮತ್ತೆ ಆ ಪಾದದ ಮುಂದೆ ಕೂತು, ಎದೆ ಉಜ್ಜಿಕೊಳ್ಳುತ್ತಾ ಹೇಳಿದರು:

"ಎಲ್ಲಿ, ಇನ್ನೊಂದ್ ಸಲ ಒದಿ ನೋಡಣ."